ಖಾತ್ರಿ ದರ್ಶನ

ನಂಜನಗೂಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಪವಿತ್ರ ಆ ಭಾನುವಾರ ಒಬ್ಬಳೇ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಬಂದಳು. ಮುಂದಿನ ಶನಿವಾರ ಎಂಟನೇ ತರಗತಿಯ ಮೂವತ್ತೆಂಟು ಮಕ್ಕಳಿಗೆ ಕಾವೇರಿಯ ನೀರುನಾಯಿಗಳನ್ನು ತೋರಿಸಬೇಕಿತ್ತು. ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ದೀಪಕ್ ಎಂಬವನ ‘ನೀರುನಾಯಿ ಸಫಾರಿ’. ‘ನೂರಕ್ಕೆ ನೂರು ಖಾತ್ರಿ ದರ್ಶನ, ಕಾಣದಿದ್ದರೆ ಹಣ ವಾಪಸ್’ ಎಂದು ಬರೆದಿತ್ತು. ಹೋಗಿಬಂದವರೆಲ್ಲ ಐದೈದು ನಕ್ಷತ್ರ ಕೊಟ್ಟಿದ್ದರು. ಅದನ್ನೇ ನಂಬಿ ಅವಳು ಹೆಡ್‌ಮಾಸ್ಟರರನ್ನು ಒಪ್ಪಿಸಿಯೂ ಆಗಿತ್ತು. ಆಮೇಲೆ ಒಂದು ಅನುಮಾನ ಕೊರೆಯತೊಡಗಿತು. ಕಾಡುಪ್ರಾಣಿ ಕಂಡೇ ಕಾಣುತ್ತದೆಂದು ಇವನು ಹೇಗೆ ಖಾತ್ರಿ ಕೊಡುತ್ತಾನೆ? ಒಮ್ಮೆ ತಾನೇ ನೋಡಿಬಿಡೋಣ ಎಂದು ಹೊರಟಿದ್ದಳು.

ಮೋಟಾರ್ ಬೋಟಿನಲ್ಲಿ ಅವಳನ್ನು ಬಿಟ್ಟು ಎಂಟು ಜನ. ಮುಂದುಗಡೆ ಎಪ್ಪತ್ತರ ಜವರಯ್ಯ ಬಿದಿರಿನ ಗಳ ಹಿಡಿದು ಕೂತಿದ್ದ. ಐವತ್ತು ವರ್ಷ ತೆಪ್ಪದಲ್ಲಿ ಮೀನು ಹಿಡಿದವನು. ನೀರುನಾಯಿ ಎಲ್ಲಿರುತ್ತದೆಂದು ಬಲ್ಲನೆಂದೇ ದೀಪಕ್ ಅವನನ್ನು ಕೂಲಿಗೆ ಇಟ್ಟುಕೊಂಡಿದ್ದ. ಸೋಸಲೆಯ ಕಡೆ ಬಂಡೆಗಳು ಕಾಣತೊಡಗಿದಾಗ ಮುದುಕ ಕೈಯೆತ್ತಿದ.

“ಇಲ್ಲೇ ನಿಲ್ಸಪ್ಪ. ಆ ಬಂಡೆ ಕೆಳ್ಗೆ ಮರಿ ಆಕ್ಯದೆ. ಅತ್ಲಾಗೆ ಓಗ್ಬ್ಯಾಡ.”

“ಇಲ್ಲಿಂದ ಯಾರಿಗ್ ಕಾಣ್ತದೆ, ಸುಮ್ನಿರು” ಎಂದು ದೀಪಕ್ ವೇಗ ಹೆಚ್ಚಿಸಿದ.

ನೀರಿನ ಮೇಲೆ ನಾಲ್ಕೈದು ಕಂದು ತಲೆಗಳು ಎದ್ದವು. ಬೋಟಿನವರೆಲ್ಲ ಹೋ ಎಂದು ಕೂಗಿದರು. ತಲೆಗಳು ಮುಳುಗಿದವು. ದೀಪಕ್ ಬೋಟನ್ನು ಗರಗರ ಸುತ್ತಿಸಿದ. ಉಸಿರಿಗಾಗಿ ಅವು ಮೇಲೆ ಬರಲೇಬೇಕೆಂದು ಅವನಿಗೆ ಗೊತ್ತಿತ್ತು. ಎಲ್ಲಿ ಎದ್ದರೂ ಬೋಟು ಅಲ್ಲಿಗೆ ನುಗ್ಗುತ್ತಿತ್ತು. ಒಬ್ಬ ಚಿಪ್ಸ್ ಎಸೆದ. ಖಾತ್ರಿ ಎಂದರೆ ಇದೇ ಎಂದು ಪವಿತ್ರಳಿಗೆ ಆಗ ಅರ್ಥವಾಯಿತು.

ಅಷ್ಟರಲ್ಲಿ ತಾಯಿ ನೀರುನಾಯಿ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಂಡೆಯ ಸಂದಿನಿಂದ ಹೊರಬಿತ್ತು. ಬೋಟಿನ ಅಲೆ ಅದರ ಮುಖಕ್ಕೆ ಅಪ್ಪಳಿಸಿತು. ಮರಿ ಬಾಯಿಂದ ಜಾರಿತು. ತಾಯಿ ಒಂದು ಕಡೆ, ಮರಿ ಒಂದು ಕಡೆ, ನಡುವೆ ಬೋಟು.

“ನಿಲ್ಸ್ರೀ! ಎಂಜಿನ್ ಆಫ್ ಮಾಡ್ರೀ!” ಪವಿತ್ರ ಎದ್ದು ನಿಂತಳು.

“ಕೂತ್ಕಳಿ ಮೇಡಂ, ಬೋಟು ವಾಲ್ತದೆ. ಅವುಕ್ಕೆ ಇದೆಲ್ಲ ಅಭ್ಯಾಸ.”

“ಅಭ್ಯಾಸ ಅಲ್ಲ ಅದು, ಜೀವಭಯ! ಕಣ್ಣು ಕಾಣ್ಸಲ್ವೇನ್ರೀ ನಿಮ್ಗೆ?”

ಪಕ್ಕದ ಹೆಂಗಸು ತಿರುಗಿಬಿದ್ದಳು. “ನೀವೊಬ್ರೇ ಏನ್ರೀ ದುಡ್ಡು ಕೊಟ್ಟಿರೋದು? ನಮ್ಮ ಮಗು ಇನ್ನೂ ಸರಿಯಾಗಿ ನೋಡೇ ಇಲ್ಲ.”

“ನಿಮ್ಮ ಮಗೂನ ಯಾರಾದ್ರೂ ನೀರಲ್ಲಿ ಹಿಂಗೆ ಅಟ್ಟಾಡಿಸಿದ್ರೆ ನೋಡ್ತಾ ಕೂತಿರ್ತಿದ್ರಾ?”

ಹೆಂಗಸು ಮಗುವನ್ನು ಹತ್ತಿರಕ್ಕೆಳೆದುಕೊಂಡಳು. ದೀಪಕ್ ನಗುತ್ತಾ ಇನ್ನೊಂದು ಸುತ್ತು ತಿರುಗಿಸಲು ಹೊರಟ. ಆಗ ಜವರಯ್ಯ ಬಗ್ಗಿಕೊಂಡೇ ಹಿಂದಕ್ಕೆ ಬಂದು ಪೆಟ್ರೋಲ್ ಪೈಪನ್ನು ಕಿತ್ತುಬಿಟ್ಟ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

“ಸಾಕು ಕಣ್ಲಾ” ಎಂದ. ದೀಪಕ್ ಬೈದ ಬೈಗುಳಕ್ಕೆ ತಿರುಗಿ ನೋಡದೆ, ಗಳ ಊರಿ ಬೋಟನ್ನು ಮೆಲ್ಲಗೆ ದೂರ ತಳ್ಳಿದ.

ಎಂಜಿನ್ ಸದ್ದು ಹೋದ ಮೇಲೆ ಮರಿಯ ಕೀರಲು ದನಿ ಎಲ್ಲರಿಗೂ ಕೇಳಿಸಿತು. ಅದು ಜೊಂಡಿನ ಬುಡಕ್ಕೆ ಅಂಟಿಕೊಂಡಿತ್ತು. ಹತ್ತು ನಿಮಿಷ ಕಳೆಯಿತು. ಕೊನೆಗೆ ತಾಯಿ ತಲೆಯೆತ್ತಿ ಬೋಟಿನ ಕಡೆ ಬಹಳ ಹೊತ್ತು ನೋಡಿತು. ಆಮೇಲೆ ಸರ್ರನೆ ಬಂದು ಮರಿಯ ಕತ್ತು ಕಚ್ಚಿ ಮಾಯವಾಯಿತು.

ದಡಕ್ಕೆ ಬಂದ ಕೂಡಲೇ ದೀಪಕ್ ಜವರಯ್ಯನಿಗೆ ನಾಳೆಯಿಂದ ಬರಬೇಡ ಎಂದ.

“ನಮ್ಮ ಮಕ್ಕಳೂ ಬರಲ್ಲ” ಎಂದಳು ಪವಿತ್ರ.

“ಬೇರೆ ಸ್ಕೂಲ್ನೋರು ಬತ್ತಾರೆ ಬಿಡಿ.”

ಅವನ ಮೇಲಿನ ಸಿಟ್ಟಿನಷ್ಟೇ ಅವಳಿಗೆ ತನ್ನ ಮೇಲೂ ಇತ್ತು. ಮಕ್ಕಳಿಗೆ ಜೀವಿಗಳ ಪಾಠ ಹೇಳುವವಳು ನಕ್ಷತ್ರ ಎಣಿಸಿ ಮೋಸಹೋಗಿದ್ದಳು. ಆ ಸಂಜೆಯೇ ಅರಣ್ಯ ಇಲಾಖೆಗೆ ದೂರು ಬರೆದಳು. ದಡ ಬಿಡುವ ಮುನ್ನವೇ ಜವರಯ್ಯನನ್ನು, “ತಾತ, ನೀವೇ ತೆಪ್ಪದಲ್ಲಿ ಮಕ್ಕಳನ್ನ ಕರ್ಕೊಂಡು ಹೋಗ್ತೀರಾ?” ಎಂದು ಕೇಳಿದಳು.

“ತೆಪ್ಪನೂ ಬ್ಯಾಡ ಕಣವ್ವ, ಮರಿ ಆಕಿರೋ ಕಾಲ. ದಡದಾಗೆ ಕುಂತ್ಕಂಡು ನೋಡ್ಲಿ. ಬಂದ್ರೆ ಬಂದೊ, ಇಲ್ದಿದ್ರೆ ಇಲ್ಲ.”

ಶನಿವಾರ ಮಕ್ಕಳು ಹೊಂಗೆಮರದ ಮರೆಯಲ್ಲಿ ಸದ್ದಿಲ್ಲದೆ ಕೂತರು. ಕೂಲಿ ಕಳೆದುಕೊಂಡ ಜವರಯ್ಯನಿಗೆ ಆ ದಿನದ ಕೂಲಿಯನ್ನು ಶಾಲೆ ಕೊಟ್ಟಿತ್ತು. ಅವನು ಕೆಸರಿನಲ್ಲಿ ಮೂಡಿದ ಜಾಲಪಾದದ ಗುರುತು ತೋರಿಸಿದ, ಮೀನಿನ ಹುರುಪೆ ತುಂಬಿದ ಹಿಕ್ಕೆ ತೋರಿಸಿದ. ಒಂದೂವರೆ ಗಂಟೆಯಾದರೂ ಒಂದು ನೀರುನಾಯಿಯೂ ಕಾಣಲಿಲ್ಲ.

“ಮಿಸ್, ಬರ್ಲೇ ಇಲ್ವಲ್ಲ?” ಎಂದಳು ಕವನ ಎಂಬ ಹುಡುಗಿ.

“ಅವುಕ್ಕೆ ಇವತ್ತು ಬರಬೇಕು ಅನ್ನಿಸಿಲ್ಲ ಕಣಮ್ಮ. ಅದು ಅವುಗಳ ಇಷ್ಟ” ಎಂದಳು ಪವಿತ್ರ.

ಆಗಲೇ ಮೋಟಾರಿನ ಸದ್ದು ಕೇಳಿಸಿತು. ಇಲಾಖೆಯವರು ದೀಪಕ್‌ಗೆ ನೋಟಿಸ್ ಕೊಟ್ಟುಹೋಗಿ ಎರಡು ದಿನವೂ ಆಗಿರಲಿಲ್ಲ. ಬೋಟಿನ ಮೈಮೇಲೆ ಹಸಿರು ಬಣ್ಣದಲ್ಲಿ ‘ಪರಿಸರಸ್ನೇಹಿ’ ಎಂದು ಹೊಸದಾಗಿ ಬರೆಸಿದ್ದ. ಅದು ನೇರವಾಗಿ ಅದೇ ಬಂಡೆಗೆ ನುಗ್ಗಿತು.

ಪವಿತ್ರಳ ಮೈ ಉರಿದುಹೋಯಿತು. ಹುಡುಗರು ಕೂಗಲು ಎದ್ದರು. ಅವಳು ತಡೆದಳು. “ಕೂಗಿದ್ರೆ ಅವು ಇನ್ನೂ ಹೆದರ್ತವೆ. ಪುಸ್ತಕ ತೆಗೀರಿ. ಟೈಮ್ ಎಷ್ಟು, ಬೋಟು ಬಂಡೆಗೆ ಎಷ್ಟು ಹತ್ರ ಹೋಯ್ತು, ಎಷ್ಟು ಸಲ ಸುತ್ತು ಹೊಡೀತು, ಕಂಡಿದ್ದು ಕಂಡ ಹಾಗೆ ಬರೀರಿ.”

ಸೋಮವಾರ ಮಕ್ಕಳು ಬರೆದ ಮೂವತ್ತೆಂಟು ಕಾಗದಗಳನ್ನು ಹೊತ್ತು ಅವಳೇ ಅರಣ್ಯ ಕಚೇರಿಗೆ ಹೋದಳು. ಜವರಯ್ಯನೂ ಜೊತೆಗಿದ್ದ. ಗುಮಾಸ್ತ ಕಟ್ಟನ್ನು ನೋಡಿ, “ಇಷ್ಟೊಂದು ಯಾಕೆ ಮೇಡಂ, ಒಂದು ಸಾಕು” ಎಂದ.

“ಹೋದ ವಾರ ಒಂದು ಕೊಟ್ಟಿದ್ದೆ. ಸಾಕಾಗಲಿಲ್ಲ” ಎಂದು ಪವಿತ್ರ ಕುರ್ಚಿ ಎಳೆದುಕೊಂಡು ಕೂತಳು. “ಒಂದೊಂದಕ್ಕೂ ಸೀಲ್ ಹಾಕಿಕೊಡಿ. ಕಾಯ್ತೀವಿ.”