ಮಧುನಾಶಿನಿ ತಿಂದ ಬೀಗರು

ಕಪ್ಪತಗುಡ್ಡದಲ್ಲಿ ಎಷ್ಟು ಜಾತಿಯ ಔಷಧಿ ಗಿಡಗಳಿವೆಯೋ ನನಗೆ ಗೊತ್ತಿಲ್ಲ. ಅಷ್ಟೇ ಜಾತಿಯ ಪಂಡಿತರಿರುವುದು ಮಾತ್ರ ಗೊತ್ತು. ಅವರಲ್ಲಿ ಮುಂಡರಗಿಯ ಪುಂಡಲೀಕಪ್ಪನವರು ಅಗ್ರಗಣ್ಯರು. ಗದಗ ಜಿಲ್ಲೆಯಾದ ಮೇಲೆ ಕಚೇರಿಗೊಬ್ಬ ಸಾಹೇಬ ಬಂದ, ಸಾಹೇಬರಿಗೆಲ್ಲ ಸಕ್ಕರೆ ಕಾಯಿಲೆ ಬಂತು, ಇವರಿಗೆ ಪಂಡಿತಿಕೆ ಬಂತು. ಅವರ ಮಗ ಮೌನೇಶನಿಗೆ ನನ್ನ ಅಣ್ಣ ಚನ್ನಬಸವಣ್ಣನ ಮಗಳು ಸ್ನೇಹಾಳನ್ನು ಕೊಡುವ ಮಾತಾಗಿತ್ತು. ಬೆಟಗೇರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹುಡುಗಿ ಅವನನ್ನು ಮನಸಾರೆ ಮೆಚ್ಚಿದ್ದಳು. ಹುಡುಗ ಮೆತ್ತಗಿನವನು. ನನಗೂ ಹಿಡಿಸಿದ್ದ, ಸುಳ್ಳೇಕೆ ಹೇಳಲಿ.

ನಿಶ್ಚಯಕ್ಕೆ ಬೀಗರು ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದರು. ನಮ್ಮ ಮನೆತನದಲ್ಲೊಂದು ಪದ್ಧತಿ: ಗಂಡಿನವರು ಗೋಧಿ ಹುಗ್ಗಿ ಉಂಡು "ಸಿಹಿ ಆತು" ಎನ್ನಬೇಕು, ಆಮೇಲೆಯೇ ಹುಡುಗಿಯ ಉಡಿಗೆ ಸಕ್ಕರೆ ಬೀಳುವುದು. ಅತ್ತಿಗೆ ಸಿದ್ದಲಿಂಗವ್ವ ಬೆಳಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ಕೈಬಿಚ್ಚಿ ಬೆಲ್ಲ ಹಾಕಿದ್ದಳು.

ತಾಟಿನ ಮುಂದೆ ಕುಳಿತ ಪುಂಡಲೀಕಪ್ಪನವರು ಕಿಸೆಯಿಂದ ಪೊಟ್ಟಣ ತೆಗೆದು ತಮ್ಮವರಿಗೆಲ್ಲ ಎರಡೆರಡು ಹಸಿರೆಲೆ ಹಂಚಿದರು.

"ಮಧುನಾಶಿನಿ ಐತ್ರಿ ಇದು. ಮದಲ ಇದನ್ನ ಅಗದು ನುಂಗ್ರಿ. ಆಮ್ಯಾಲ ಎಷ್ಟ ಸಿಹಿ ಹೊಡದ್ರೂ ಸಕ್ರಿ ಹೊಟ್ಟ್ಯಾಗ ಸತ್ತ ಬೀಳತೈತಿ!"

ಬೀಗರ ಸಾಲೆಲ್ಲ ಆಡಿನಂತೆ ಮೆಲ್ಲತೊಡಗಿತು. ಹುಗ್ಗಿ ಬಡಿಸಿದೆವು. ಮೊದಲ ತುತ್ತಿಗೇ ಪುಂಡಲೀಕಪ್ಪನವರು ಮುಖ ಕಿವುಚಿದರು.

"ಚನ್ನಬಸವಣ್ಣಾರ, ಬೆಲ್ಲ ತುಟ್ಟಿ ಆಗೈತೇನ್ರಿ? ಮಣ್ಣ ತಿಂದಂಗ ಐತಿ."

ಪಕ್ಕದವರೂ ಹೌದೆಂದು ತಲೆಯಾಡಿಸಿದರು. ಅಣ್ಣ ಗಾಬರಿಯಾಗಿ ಸಕ್ಕರೆ ಡಬ್ಬಿಯನ್ನೇ ತಂದು ಸುರಿದ. "ಇದು ಉಸುಕು" ಎಂದರು ಬೀಗರು. ಸಕ್ಕರೆಯನ್ನೇ ಉಸುಕೆಂದವರ ಮುಂದೆ ನಗಬೇಕಿತ್ತು; ನಮ್ಮಣ್ಣ ಕೈಮುಗಿದ. ಹೆಣ್ಣು ಹೆತ್ತವರ ಈ ಕೈಮುಗಿಯುವ ಚಟಕ್ಕೆ ಯಾವ ಗುಡ್ಡದಲ್ಲೂ ಮದ್ದಿನ ಬೇರಿಲ್ಲ.

ಪುಂಡಲೀಕಪ್ಪನವರು ಮಗನತ್ತ ತಿರುಗಿದರು. "ನೀ ಹೇಳಲೇ ಮೌನೇಶ. ಸಿಹಿ ಐತೇನು?"

"ಇಲ್ಲಪಾ," ಎಂದ ಮೌನೇಶ, ತಲೆ ತಗ್ಗಿಸಿ.

"ಬೆಲ್ಲಕ್ಕ ಹಿಂದ ಮುಂದ ನೋಡೋ ಮನಿಯಿಂದ ಹೆಣ್ಣ ಹೆಂಗ ತರೂದ್ರಿ?" ಎಂದು ಪುಂಡಲೀಕಪ್ಪನವರು ಎದ್ದೇಬಿಟ್ಟರು. ಅಡುಗೆಮನೆಯಲ್ಲಿ ಅತ್ತಿಗೆ ಬಾಯಿಗೆ ಸೆರಗೊತ್ತಿಕೊಂಡು ಅತ್ತಳು. ನನಗೆ ಕೈಯಲ್ಲಿದ್ದ ಸೌಟು ಬೀಸಬೇಕೆನ್ನಿಸಿತು.

ಆಗ ಸ್ನೇಹಾ ಹೊರಗೆ ಬಂದಳು.

"ಕುಂಡ್ರಿ ಮಾವಾರ. ತಪ್ಪು ಹುಗ್ಗಿದಲ್ಲ, ಎಲಿದು. ಆ ಎಲ್ಯಾಗಿನ ಆಮ್ಲ ಹೋಗಿ ನಾಲಿಗ್ಯಾಗ ಸಿಹಿ ತಿಳಿಯೋ ಜಾಗಾ ಹಿಡಕೊಂಡು ಕುಂಡರತೈತಿ. ಸಕ್ರಿಗೆ ಅಲ್ಲಿ ಜಾಗಾನ ಸಿಗೂದಿಲ್ಲ. ಉಪ್ಪು, ಹುಳಿ ತಿಳೀತಾವ, ಸಿಹಿ ಒಂದ ತಿಳಿಯೂದಿಲ್ಲ. ತಾಸಿನ್ಯಾಗ ಸರಿಹೋಗತೈತಿ. ಆದ್ರ ಹೊಟ್ಟಿಗೆ ಹೋದ ಬೆಲ್ಲ ಸಾಯೂದಿಲ್ರಿ. ಸಕ್ರಿ ಕಾಯಿಲಿ ಇದ್ದವರು ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ."

ತಾಸು ಕಾದೆವು. ಪುಂಡಲೀಕಪ್ಪನವರು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು, ಇನ್ನೊಂದು ಹಾಕಿಕೊಂಡರು, ಆಮೇಲೆ ಹುಗ್ಗಿಯ ಬೋಗುಣಿಯನ್ನೇ ಎಳೆದುಕೊಂಡರು.

"ಸಿಹಿ ಆತು! ನೋಡ್ರಿ, ನಮ್ಮ ಗುಡ್ಡದ ಎಲಿ ತಾಕತ್ತು!"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೂ ಮನೆಯೆಲ್ಲ ಉಸಿರು ಬಿಟ್ಟಿತು, ಅಣ್ಣ ಸಕ್ಕರೆ ತಟ್ಟೆ ತರಿಸಿದ. ತಾಟು ಎತ್ತುತ್ತಿದ್ದ ನನಗೆ ಮೌನೇಶನ ತಾಟಿನ ಕೆಳಗೆ ಎರಡು ಹಸಿರೆಲೆ ಸಿಕ್ಕವು, ಹಲ್ಲು ತಾಕದಂಥವು. ಸ್ನೇಹಾಳೂ ನೋಡಿದಳು.

"ನೀವು ಎಲಿ ತಿನ್ನಲಿಲ್ಲೇನ್ರಿ?"

"ಕಹಿ ಇರತೈತಂತ ಬಿಟ್ಟೆ."

"ಹಂಗಾರ ಹುಗ್ಗಿ ಹೆಂಗಿತ್ತು?"

ಅವನು ಅಪ್ಪನ ಮುಖ ನೋಡಿದ. "ಭಾಳ ಸಿಹಿ ಇತ್ತು. ಆದ್ರ ಅಪ್ಪ ಇಲ್ಲ ಅಂದ್ರಲ್ಲಾ..."

ಸ್ನೇಹಾಳ ಕಣ್ಣು ತುಂಬಿತು. ಅವಳು ಉಡಿ ಒಡ್ಡಲಿಲ್ಲ. ಸಕ್ಕರೆ ತಟ್ಟೆಯನ್ನು ಬೀಗರ ಮುಂದೆ ಸರಿಸಿ ನನ್ನತ್ತ ತಿರುಗಿದಳು.

"ಎಲಿ ತಿಂದವರ ನಾಲಿಗಿ ತಾಸಿನ್ಯಾಗ ಸರಿಹೋತು, ಅತ್ತಿ. ಇವರದು ಯಾವಾಗ ಸರಿಹೋಗತೈತಿ?"