ಹಿಂದಿನ ಸೀಟಿನ ತೂಕ

"ಹೆಂಡ್ತಿ ತೂಕ ಎಷ್ಟು?" ಎಂದು ರಿಸ್‌ಬೆಕ್ ಕೇಳಿದಾಗ ಮುಕಾಯ್ ಮೋಟಾರ್ ಸೈಕಲ್ಲಿನ ಮೇಲೆ ಮದುಮಗ ಕುದುರೆ ಏರಿದ ಹಾಗೆ ಎದೆಯುಬ್ಬಿಸಿ ಕೂತಿದ್ದ. ಮದುಮಗನ ಕಾಲಿಗಾದರೂ ಏನೋ ಒಂದು ಆಸರೆ ಇರುತ್ತದೆ. ಇವನ ಹೆಬ್ಬೆರಳುಗಳು ನೆಲ ಎಲ್ಲಿದೆ ಎಂದು ಹುಡುಕುತ್ತಿದ್ದವು. ಅಂಗಡಿಯ ಕೆಲಸದವನೊಬ್ಬ ಮುಂದೆ ನಿಂತು ಹ್ಯಾಂಡಲ್ ಹಿಡಿದುಕೊಳ್ಳದಿದ್ದರೆ ಮದುಮಗ ಆಗಲೇ ಮಣ್ಣು ಮುಕ್ಕಿರುತ್ತಿದ್ದ.

ರಿಸ್‌ಬೆಕ್ ಮೆಕ್ಯಾನಿಕ್ಕು. ಕೊಚ್ಕೋರ್ ಪೇಟೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಬೆಟ್ಟ ಸುತ್ತಲು ಬಂದ ಪರದೇಶದವರು ದಣಿದೋ, ಬಿದ್ದೋ, ಹೆಂಡತಿಯೊಡನೆ ಜಗಳವಾಡಿಯೋ ಬಿಟ್ಟುಹೋದ ಗಾಡಿಗಳನ್ನು ಅವನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಈಗ ಹಿಂದಿನ ಚಕ್ರದ ಬಳಿ ಅಳತೆಪಟ್ಟಿ ಹಿಡಿದು ಕುಕ್ಕರಗಾಲಲ್ಲಿ ಕೂತು ಉತ್ತರಕ್ಕಾಗಿ ಕಾಯುತ್ತಿದ್ದ.

ಮುಕಾಯ್ ಸ್ವಲ್ಪ ಹೊತ್ತು ಯೋಚಿಸಿ, ನಿಮ್ಮಕ್ಕನಷ್ಟು ಇರಬಹುದು ಎಂದ.

"ನಂಗೆ ಮೂರು ಜನ ಅಕ್ಕಂದಿರು ಕಣಣ್ಣಾ. ಒಬ್ಳು ಗುಬ್ಬಿ. ಒಬ್ಳು ಯಾಕ್ ದನ. ಇನ್ನೊಬ್ಳು ರಸ್ತೆಗೆ ಬಂದ್ರೆ ಲಾರಿನೇ ದಾರಿ ಬಿಡುತ್ತೆ. ಯಾವಕ್ಕನಷ್ಟು?"

ಮುಕಾಯ್‌ಗೆ ಅದೇ ತಿಳಿಯದು. ಹೆಂಡತಿ ಉಲ್ಕಾನ್ ದುಡಿಯಲೆಂದು ರಷ್ಯಾದ ಬಸ್ಸು ಹತ್ತಿ ಒಂಬತ್ತು ವರ್ಷ. ಅವತ್ತು ಬಸ್ಸಿನ ಮೆಟ್ಟಿಲು ಎತ್ತರವಿತ್ತೆಂದು ಅವನೇ ಕಂಕುಳಿಗೆ ಕೈಕೊಟ್ಟು ಎತ್ತಿ ಒಳಗೆ ಬಿಟ್ಟಿದ್ದ. ಮಡಿಸಿದ ರಜಾಯಿಯಷ್ಟು ಹಗುರವಿದ್ದಳು ಎಂಬುದು ಅವನ ಕೈಗೆ ಇನ್ನೂ ನೆನಪಿತ್ತು. ಆಮೇಲಿನದು ಗೊತ್ತಿಲ್ಲ. ಫೋನಿನಲ್ಲಿ ಕಾಣುವುದು ಮುಖ, ಅದೂ ಗಲ್ಲದವರೆಗೆ. ಗಲ್ಲದ ಕೆಳಗೆ ಹೆಂಡತಿ ಗುಬ್ಬಿಯಾಗಿದ್ದಾಳೋ ಯಾಕ್ ಆಗಿದ್ದಾಳೋ ಹೇಳುವವರು ಯಾರು?

ಹಿಂದಿನ ಸ್ಪ್ರಿಂಗನ್ನು ಕೂರುವವರ ತೂಕಕ್ಕೆ ತಕ್ಕ ಹಾಗೆ ಬಿಗಿ ಮಾಡಬೇಕು ಎಂದು ರಿಸ್‌ಬೆಕ್ ವಿವರಿಸಿದ. ಸಡಿಲ ಬಿಟ್ಟರೆ ಇಬ್ಬರು ಕೂತಾಗ ಗಾಡಿ ತಳ ಕಲ್ಲಿಗೆ ಬಡಿಯುತ್ತದೆ. ಇಬ್ಬರಿಗೆಂದು ಬಿಗಿ ಮಾಡಿ ಒಬ್ಬನೇ ಕೂತರೆ ಮೊದಲ ಗುಂಡಿಗೇ ಆಸಾಮಿಯನ್ನು ಎತ್ತಿ ಎಸೆಯುತ್ತದೆ. ಅಂದಾಜಿನ ಮೇಲೆ ಬಿಗಿ ಮಾಡಿ, ಉಳಿದದ್ದನ್ನು ಮನೆಯಲ್ಲಿ ಸಾಮಾನು ಹೇರಿ ನೋಡಿಕೊಂಡು ಮಾಡು ಎಂದು ಸೀಟಿನ ಕೆಳಗಿನ ಗುಂಡನೆಯ ಹಿಡಿಯನ್ನು ತೋರಿಸಿಕೊಟ್ಟ. ಅದನ್ನು ತಿರುಗಿಸಿದರೆ ಒಂದೊಂದು ಸುತ್ತಿಗೂ ಟಿಕ್ ಟಿಕ್ ಎನ್ನುತ್ತಿತ್ತು.

ಗಾಡಿ ಆರಿಸುವಾಗಲೇ ಇಬ್ಬರಿಗೂ ವಾದವಾಗಿತ್ತು. ಮುಕಾಯ್ ಹನ್ನೊಂದು ಬೇಸಿಗೆ ಪರದೇಶದವರ ಮೋಟಾರ್ ಸೈಕಲ್ಲುಗಳ ಹಿಂದೆ ಅವರ ಸಾಮಾನಿನ ವ್ಯಾನು ಓಡಿಸಿದವನು. ಅವರು ಎಬ್ಬಿಸಿದ ಧೂಳನ್ನೆಲ್ಲ ಕುಡಿದು ಅವನ ಹೊಟ್ಟೆಯಲ್ಲಿ ಒಂದು ಹೊಲಕ್ಕಾಗುವಷ್ಟು ಮಣ್ಣಿದೆ, ಆಲೂಗಡ್ಡೆ ನೆಟ್ಟರೆ ಬೆಳೆಯುತ್ತದೆ ಎಂದು ಪಕ್ಕದ ಮನೆಯ ಬಾತ್ಮಾ ಅಜ್ಜಿ ಹೇಳುತ್ತಿದ್ದಳು. ಯಾವ ಗಾಡಿಯ ಯಾವ ಬೋಲ್ಟು ಯಾವ ಕಣಿವೆಯಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಆದರೆ ಐವತ್ತಾರರ ವಯಸ್ಸಿಗೆ ಅವನು ಸ್ವಂತಕ್ಕೆ ಕೊಳ್ಳುತ್ತಿರುವುದು ಇದೇ ಮೊದಲು. ಅದಕ್ಕಾಗಿ ಒಂದು ಹೆಣ್ಣುಕುದುರೆ, ಅದರ ಮರಿ ಎರಡನ್ನೂ ಮಾರಿದ್ದ.

ಶೆಡ್ಡಿನಲ್ಲಿ ಮೂರು ಗಾಡಿಗಳಿದ್ದವು. ಒಂದು ಮನೆಯಷ್ಟು ದೊಡ್ಡದು. ಅದಕ್ಕೆ ಕಿಟಕಿ ಬಾಗಿಲು ಇಟ್ಟರೆ ಸಂಸಾರ ಹೂಡಬಹುದಿತ್ತು. ಒಂದು ಮಿಡತೆಯ ಹಾಗೆ ತೆಳ್ಳಗೆ, ಹಗುರ, ಸೀಟು ಹಲಗೆಯ ಹಾಗೆ ಕಿರಿದು. ಮೂರನೆಯದು ನಡುವಿನದು, ಬೂದುಬಣ್ಣದ್ದು, ಉದ್ದ ಸೀಟು, ಹಿಂದೆ ಕೂರುವವರಿಗೆ ಒರಗಲು ಪುಟ್ಟದೊಂದು ದಿಂಬು. ರಿಸ್‌ಬೆಕ್ ಅವೆಲ್ಲವನ್ನೂ ಒಂದೊಂದಾಗಿ ನೆಲಕ್ಕೆ ಮಲಗಿಸಿ, ಎತ್ತು ಎಂದಿದ್ದ. ಮಿಡತೆಯನ್ನು ಮುಕಾಯ್ ಒಂದೇ ದಮ್ಮಿಗೆ ನಿಲ್ಲಿಸಿದ. ಬೂದುಬಣ್ಣದ್ದು ಮಂಡಿಯವರೆಗೆ ಎದ್ದು ಮತ್ತೆ ಮಲಗಿತು.

"ಬಿದ್ದಾಗ ಒಬ್ನೇ ಎತ್ತೋಕಾಗೋದನ್ನ ತಗೋಬೇಕು ಅಣ್ಣಾ. ಮಿಕ್ಕಿದ್ದೆಲ್ಲ ಬಣ್ಣ."

"ನಾವು ಇಬ್ರು ಇರ್ತೀವಿ" ಎಂದ ಮುಕಾಯ್. ಆಗಸ್ಟಿನಲ್ಲಿ ಬರುತ್ತೇನೆಂದು ಉಲ್ಕಾನ್ ಮಾತು ಕೊಟ್ಟಿದ್ದಳು. ಬಂದರೆ ಅವಳನ್ನು ಹಿಂದೆ ಕೂರಿಸಿಕೊಂಡು ಕಣಿವೆಯ ಘಾಟಿ ಹತ್ತಿ ಸೋಂಕೋಲ್ ಸರೋವರಕ್ಕೆ ಹೋಗುವುದು. ಮದುವೆಯಾದ ವರ್ಷ ಇಬ್ಬರೂ ಅಲ್ಲಿ ಪರರ ಕುರಿ ಕಾದಿದ್ದರು. ಆಮೇಲೆ ಹನ್ನೊಂದು ಸಲ ಅವನು ಅಲ್ಲಿಗೆ ಹೋಗಿದ್ದ, ಹನ್ನೊಂದು ಸಲವೂ ಬೇರೆಯವರ ಒದ್ದೆ ಕಾಲುಚೀಲ ಹೊತ್ತುಕೊಂಡು.

ರಿಸ್‌ಬೆಕ್ ಬೂದುಬಣ್ಣದ್ದನ್ನೇ ಕೊಟ್ಟ. ಕೀಲಿಕೈ ಕೊಡುವ ಮೊದಲು ಅದರ ಚರ್ಮದ ದಾರವನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ. ಕುದುರೆ ಮಾರಿದವನು ಕಡಿವಾಣ ಕೊಡುವುದಿಲ್ಲ, ಕೊಟ್ಟರೆ ಲಾಯದ ಅದೃಷ್ಟ ಜೊತೆಗೇ ನಡೆದುಹೋಗುತ್ತದೆ. ಮುಕಾಯ್ ಕೂಡ ತನ್ನ ಕುದುರೆಯದನ್ನು ಕೊಟ್ಟಿರಲಿಲ್ಲ.

ಜುಲೈ ಪೂರ್ತಿ ಅವನ ಅಂಗಳದಲ್ಲಿ ಸುತ್ತಿಗೆಯ ಸದ್ದು. ಮಣ್ಣು ಕಚ್ಚುವ ಹಲ್ಲಿನ ಟೈರು ಹಾಕಿದ. ಎಂಜಿನ್ನಿನ ಹೊಟ್ಟೆಗೆ ತಗಡಿನ ತಟ್ಟೆ ಕಟ್ಟಿದ. ಕೈಗೆ ಗಾಳಿ ಬಡಿಯದಂತೆ ಹ್ಯಾಂಡಲ್ಲಿಗೆ ಕವಚ, ಎರಡೂ ಬದಿಗೆ ಅಲ್ಯುಮಿನಿಯಂ ಪೆಟ್ಟಿಗೆ. ಎಡಗಡೆಯದರಲ್ಲಿ ಡೇರೆ, ಒಲೆ, ಪಂಪು, ಟ್ಯೂಬು. ಬಲಗಡೆಯದನ್ನು ಒರೆಸಿ ಖಾಲಿ ಇಟ್ಟ. ಹೆಂಗಸರಿಗೆ ಏನೇನು ಸಾಮಾನಿರುತ್ತದೋ. ಹಿಂದಿನ ಸೀಟಿನ ಮೇಲೆ ಒಂದು ಹಿಟ್ಟಿನ ಮೂಟೆ ಕೂರಿಸಿ ಹಗ್ಗದಿಂದ ಬಿಗಿದು ಊರ ಹೊರಗಿನ ಕಲ್ಲುಹಾದಿಯಲ್ಲಿ ಓಡಿಸಿ ಕಲಿತ. ಒಬ್ಬನೇ ಓಡಿಸಿ ರೂಢಿಯಾದರೆ ಆಮೇಲೆ ಇಬ್ಬರ ತೂಕಕ್ಕೆ ಕೈ ಒಗ್ಗುವುದಿಲ್ಲ ಎಂಬುದು ಅವನ ಲೆಕ್ಕ.

ಊರಿನವರು ನಕ್ಕರು. ನಗುವವರಾದರೂ ಎಷ್ಟು ಮಂದಿ? ಅರ್ಧ ಊರು ರಷ್ಯಾದಲ್ಲಿತ್ತು. ಮನೆಮನೆಯಲ್ಲೂ ಹೋದವರ ಹಾಸಿಗೆಗಳನ್ನು ಮಡಿಸಿ ಮಡಿಸಿ ಪೇರಿಸಿ ಸೂರು ಮುಟ್ಟಿಸಿದ್ದರು. ಇದ್ದವರ ಪಾಲಿನ ನಗೆಯನ್ನೂ ಸೇರಿಸಿ ಬಾತ್ಮಾ ಅಜ್ಜಿಯೇ ನಕ್ಕಳು. ಎಂಬತ್ತು ದಾಟಿದ ಆಕೆಗೆ ಬಾಯಲ್ಲಿ ಮೂರೇ ಹಲ್ಲು, ಕಿವಿ ಮಾತ್ರ ಎಂಥದೆಂದರೆ ಆಚೆ ಬೆಟ್ಟದ ಕುರಿ ಮನಸ್ಸಿನಲ್ಲಿ ಅಂದುಕೊಂಡದ್ದೂ ಕೇಳಿಸುತ್ತಿತ್ತು.

"ಏನೋ ಮುಕಾಯ್, ಒಳ್ಳೆ ಹೆಂಡ್ತಿ ಸಿಕ್ಕಿದಾಳೆ ಬಿಡು. ಕೂರ್ಸಿದ ಕಡೆ ಕೂರ್ತಾಳೆ, ಎದುರು ಮಾತಿಲ್ಲ. ಹೊಟ್ಟೆ ಹಸಿದ್ರೆ ಅವಳನ್ನೇ ರೊಟ್ಟಿ ತಟ್ಕೋಬಹುದು."

ಅವನೂ ನಗುತ್ತಿದ್ದ. ಆದರೆ ಮೂಟೆಯ ತೂಕ ಸರಿಯೋ ತಪ್ಪೋ ಎಂಬುದು ಒಳಗೇ ಕೊರೆಯುತ್ತಿತ್ತು. ತಪ್ಪಿದ್ದರೆ ಸ್ಪ್ರಿಂಗೂ ತಪ್ಪು. ಕಣಿವೆಯ ತಿರುವುಗಳೋ, ಒಂದೊಂದರ ಕೆಳಗೂ ಒಂದೊಂದು ಪಾತಾಳ. ಜುಲೈ ಕಡೆಯ ಭಾನುವಾರ ಮಧ್ಯಾಹ್ನ ಅವನು ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿ, ಫೋನು ಸಿಗುವ ಕಲ್ಲಿನ ಮೇಲೆ ನಿಂತು, ಹೆಂಡತಿಗೆ ಫೋನ್ ಮಾಡಿದ.

ಮೊದಲು ಹಸುವಿನ ವಿಷಯ, ಹುಲ್ಲು ಕೊಯ್ದ ವಿಷಯ, ಯಾರು ಸತ್ತರು ಎಂಬ ವಿಷಯ ಎಲ್ಲ ಆಯಿತು. ಅವಳ ಕಡೆಯದು ಎಂದಿನ ಹಾಗೆ ಚುಟುಕು: ಅವಳು ನೋಡಿಕೊಳ್ಳುವ ಮುದುಕಿ ನಿದ್ದೆ ಹೋಗಿದ್ದಾಳೆ, ಸೆಕೆ ಇದೆ. ಆಮೇಲೆ ಮಾತು ತೀರಿದಾಗ ಮುಕಾಯ್ ಕೆಮ್ಮಿದ.

"ಒಂದು ಕೇಳ್ತೀನಿ, ನಗಬಾರ್ದು. ನಿನ್ನ ತೂಕ ಎಷ್ಟು?"

"ಯಾಕೆ, ಸಂತೇಲಿ ಮಾರ್ತೀಯಾ?"

ಅವನು ಸ್ಪ್ರಿಂಗಿನ ವಿಷಯ ಹೇಳಿದ. ಹಿಟ್ಟಿನ ಮೂಟೆಯ ವಿಷಯವನ್ನೂ ಹೇಳಿದ. ಉಲ್ಕಾನ್ ನಕ್ಕಳು. ಹಿಂದೆ ಸರೋವರದ ಬಳಿ ಹಾಲು ಕರೆಯುವಾಗ ನಗುತ್ತಿದ್ದ ಹಾಗೆ, ತಡೆದು ತಡೆದು, ಕೊನೆಗೆ ಬಿಕ್ಕಳಿಕೆ ಬರುವವರೆಗೆ. ಅಷ್ಟು ನಗೆ ಕೇಳಿ ಎಷ್ಟೋ ವರ್ಷವಾಗಿತ್ತು. ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಆಮೇಲೆ ಅವಳು, ಇಲ್ಲಿ ಬಚ್ಚಲಲ್ಲೇ ತೂಕದ ಮೆಷೀನಿದೆ, ದಿನಾ ಬೆಳಿಗ್ಗೆ ಮುದುಕಿಯನ್ನು ಅದರ ಮೇಲೆ ನಿಲ್ಲಿಸಿ ಬರೆದಿಡುತ್ತೇನೆ, ದಿನಾ ಅದನ್ನು ಒರೆಸುತ್ತೇನೆ, ನಾನೇ ಒಂದು ದಿನವೂ ಹತ್ತಿಲ್ಲ ನೋಡು ಎಂದಳು. ಹಾಗಾದರೆ ಈಗ ಹತ್ತು ಎಂದ ಅವನು. ಅವಳ ಹೆಜ್ಜೆಯ ಸದ್ದು ಕೇಳಿಸಿತು. ಬಾಗಿಲು. ದೀಪದ ಗುಂಡಿ. ಬಚ್ಚಲಿನ ಗೋಡೆಗಳ ನಡುವೆ ಅವಳ ಉಸಿರು ದೊಡ್ಡದಾಗಿ ಕೇಳಿಸತೊಡಗಿತು. ಚಪ್ಪಲಿ ಬಿಟ್ಟಳು ಎಂದು ಅವನಿಗೆ ಗೊತ್ತಾಯಿತು. ಅವನು ಕಾದ.

"ಮುಕಾಯ್."

"ಹ್ಞೂಂ, ಹೇಳು."

"ಒಬ್ರಿಗೇ ಸರಿ ಮಾಡ್ಕೋ."

ದಿಬ್ಬದ ಕೆಳಗೆ ಹಸು ಬಾಲ ಬೀಸುತ್ತಿತ್ತು. ಈ ಆಗಸ್ಟ್ ಆಗದಿದ್ದರೆ ಮುಂದಿನ ಆಗಸ್ಟ್ ಆಗಲಿ, ಗಾಡಿ ಎಲ್ಲಿ ಓಡಿಹೋಗುತ್ತದೆ ಎಂದ ಅವನು.

"ಒಂಬತ್ತು ವರ್ಷ ಕಣೋ. ಅಲ್ಲಿಗೆ ಬಂದ್ರೆ ನಾನೀಗ ನೆಂಟ್ರ ಹಾಗೆ. ನೀನು ನಂಗೆ ಕುರಿ ಕೊಯ್ಬೇಕಾಗುತ್ತೆ, ಒಳ್ಳೆ ತುಂಡು ಎತ್ತಿಡ್ಬೇಕಾಗುತ್ತೆ. ಎಷ್ಟು ದಿನ ಕೊಯ್ತೀಯ?" ಎಂದಳು. ಜಗಳದ ದನಿಯಲ್ಲ. ಮುದುಕಿಗೆ ಮಾತ್ರೆ ಕೊಡುವಾಗಲೂ ಅವಳು ಹೀಗೇ ಮಾತಾಡುತ್ತಾಳೇನೋ. ಮುದುಕಿ ಎದ್ದಳೆಂದು ಹೇಳಿ ಫೋನ್ ಇಟ್ಟಳು. ಮೆಷೀನಿನ ಮುಳ್ಳು ಎಲ್ಲಿ ನಿಂತಿತು ಎಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಆಗಸ್ಟ್ ಪೂರ್ತಿ ಗಾಡಿ ಕಂಬಳಿ ಹೊದ್ದು ಅಂಗಳದಲ್ಲಿ ನಿಂತಿತ್ತು. ವ್ಯಾನಿನ ಕೆಲಸಕ್ಕೆ ಕರೆ ಬಂದರೆ ಮುಕಾಯ್ ಹೋದ, ಬರದಿದ್ದರೆ ಚಹಾ ಕುಡಿದ. ಬಾತ್ಮಾ ಅಜ್ಜಿಯ ಕಿವಿಗೆ ದಿಬ್ಬದ ಮೇಲಿನ ಮಾತು ಬೀಳದೆ ಇರುತ್ತದೆಯೇ? ಆದರೆ ಹುಟ್ಟಿದಾರಭ್ಯ ಬಾಯಿ ಮುಚ್ಚದ ಹೆಂಗಸು ಒಂದು ತಿಂಗಳು ಮೂಟೆಯ ಮಾತು ಎತ್ತಲಿಲ್ಲ. ಅವನ ಹೊಸಿಲ ಮೇಲೆ ದಿನಬಿಟ್ಟು ದಿನ ಒಂದು ಬಟ್ಟಲು ಮೊಸರು ಇಟ್ಟು ಹೋದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಣಿವೆಯ ತಲೆಯ ಮೇಲೆ ಹಿಮದ ಬಿಳಿ ಕಾಣಿಸಿತು. ಇನ್ನು ಎರಡು ವಾರ; ಆಮೇಲೆ ದಾರಿ ಮುಚ್ಚುತ್ತದೆ. ಮುಕಾಯ್ ಎದ್ದು ಕಂಬಳಿ ತೆಗೆದ. ಮೂಟೆಯ ಹಗ್ಗ ಬಿಚ್ಚಿ ಹಿಟ್ಟನ್ನು ಕಣಜಕ್ಕೆ ಸುರಿದ. ಡೇರೆ ಒಂದು ಪೆಟ್ಟಿಗೆಗೆ, ಒಲೆ ಇನ್ನೊಂದಕ್ಕೆ ಎಂದು ಎರಡೂ ಬದಿಗೆ ಸಮನಾಗಿ ಹಂಚಿದ. ಆಮೇಲೆ ಅಳತೆಪಟ್ಟಿ ಹಿಡಿದು ನಿಂತ. ಅಳೆಯಬೇಕಾದರೆ ಸೀಟಿನ ಮೇಲೆ ಅವನು ಕೂತಿರಬೇಕು, ಕೂತರೆ ಪಟ್ಟಿ ಚಕ್ರಕ್ಕೆ ನಿಲುಕದು. ಗೋಡೆಗೆ ಗೀಟು ಹಾಕಿ ನೋಡಿದ, ಕೋಲು ಕಟ್ಟಿ ನೋಡಿದ, ಹಾವಿನ ಹಾಗೆ ಬಾಗಿ ನೋಡಿದ. ಒಬ್ಬರಿಗೆಂದು ಸರಿ ಮಾಡುವುದಕ್ಕೂ ಇಬ್ಬರು ಬೇಕಿತ್ತು.

ಬೇಲಿಯಾಚೆಯಿಂದ ಬಾತ್ಮಾ ಅಜ್ಜಿ ಎಲ್ಲ ನೋಡಿದಳು, ಬಂದಳು, ಪಟ್ಟಿ ಕಿತ್ತುಕೊಂಡಳು, ತಿರುಗಿಸಿ ಮುರುಗಿಸಿ ನೋಡಿ ಬಿಸಾಡಿದಳು. ಅವಳಿಗೆ ಅಂಕಿ ಬರದು. ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳುಗಳನ್ನು ಜೋಡಿಸಿ, ಯಾರೂ ಕೂರದಿದ್ದಾಗ ಎಷ್ಟು ಬೆರಳು, ಅವನು ಕೂತಾಗ ಎಷ್ಟು ಬೆರಳು ಎಂದು ಲೆಕ್ಕ ಹಿಡಿದಳು. ಎರಡು ಬೆರಳಿನಷ್ಟು ಕುಗ್ಗಬೇಕು ಎಂದ ಅವನು.

"ಅರ್ಧ ಬೆರಳೂ ಕುಗ್ಗಿಲ್ಲ. ನೀನು ಗಾಡಿ ಮೇಲೆ ನೊಣ ಕೂತಂಗೆ ಕೂತಿದೀಯ. ಸಡಿಲ ಮಾಡು."

ಅವನು ಹಿಡಿಯನ್ನು ತಿರುಗಿಸಿದ. ಟಿಕ್. ಹತ್ತಿ ಕೂತ. ಇಳಿದ. ಟಿಕ್, ಟಿಕ್. ಮತ್ತೆ ಹತ್ತಿ ಕೂತ. ಅಜ್ಜಿ ಪ್ರತಿ ಸಲ ಬೆರಳು ತೂರಿಸಿ, ಇನ್ನೂ, ಎಂದಳು. ಎಂಟನೆಯದೋ ಒಂಬತ್ತನೆಯದೋ ಸಲ ಕೂತಾಗ ಅವನ ಎಡಹಿಮ್ಮಡಿ ನೆಲಕ್ಕೆ ತಾಗಿತು. ಬಲದ್ದೂ ತಾಗಿತು. ಎರಡು ತಿಂಗಳು ಅವನನ್ನು ಆಕಾಶದಲ್ಲಿ ಎತ್ತಿ ಹಿಡಿದಿದ್ದ ಗಾಡಿ ಈಗ ಅಡಿಯಲ್ಲಿ ಮಣಿದು ನಿಂತಿತ್ತು, ಅವನ ಅಳತೆಗೇ ಹೊಲಿದ ಅಂಗಿಯ ಹಾಗೆ. ಅವನು ಇಳಿಯಲಿಲ್ಲ. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು, ಸರಿಯಾಯಿತೇ ಎಂದು ಕೇಳಿದಳು.

"ಸರಿಯಾಯ್ತು" ಎಂದ.

ಎರಡು ದಿನದ ಮೇಲೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವನು ಬಾಗಿಲಿಗೆ ಬೀಗ ಹಾಕಿ ಎಂಜಿನ್ನು ಶುರು ಮಾಡಿದ. ಕಣಿವೆ, ಸರೋವರ, ಮನಸ್ಸಾದರೆ ಅದರಾಚೆಯೂ. ಹೆಲ್ಮೆಟ್ಟು ಹಾಕಿಕೊಳ್ಳುವಷ್ಟರಲ್ಲಿ ಬಾತ್ಮಾ ಅಜ್ಜಿ ಶಾಲಿನೊಳಗೆ ಏನೋ ಬಚ್ಚಿಟ್ಟುಕೊಂಡು ಬೇಲಿ ದಾಟಿ ಬಂದಳು. ಆಗಷ್ಟೇ ಒಲೆಯಿಂದ ತೆಗೆದ ದುಂಡನೆಯ ರೊಟ್ಟಿ.

"ಕಚ್ಚು."

ದೂರ ಹೊರಟವನು ಒಂದು ಬಾಯಿ ಕಚ್ಚಿ ಹೋಗಬೇಕು. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕಿ, ಅವನು ಬಂದು ತಿಂದು ಮುಗಿಸುವವರೆಗೆ ಕಾಯಬೇಕು. ಅವನು ಬೀಗದ ಕಡೆ ನೋಡಿದ. ಯಾರೂ ಇಲ್ಲದ ತನ್ನ ಮನೆಯಲ್ಲಿ ತೂಗುಹಾಕಿದರೆ ಇಲಿ ತಿನ್ನುತ್ತದೆ ಅಷ್ಟೆ ಎಂದ.

"ನಮ್ಮನೇಲಿ ಹಾಕ್ತೀನಿ. ಇಲಿಗೆ ನನ್ನ ಬಾಯಿ ಕಂಡ್ರೆ ಭಯ." ಆಮೇಲೆ ಅಜ್ಜಿ ದನಿ ತಗ್ಗಿಸಿದಳು. "ಉಲ್ಕಾನ್ ಕಚ್ಚಿ ಹೋಗಿದ್ದು?"

"ಇದೆ. ಮೊಳೆ ಮೇಲೇ ಇದೆ."

"ಒಂಬತ್ತು ವರ್ಷದ್ದಾ?"

"ಇರ್ಲಿ ಬಿಡಜ್ಜಿ."

ಅಜ್ಜಿ ರೊಟ್ಟಿಯನ್ನು ಅವನ ಬಾಯಿಯ ಮಟ್ಟಕ್ಕೆ ಎತ್ತಿದಳು. ಅವನು ಕಚ್ಚಿದ. ಬಿಸಿಯಿತ್ತು.

"ಬೇಗ ಬಾ. ರೊಟ್ಟಿ ಕಲ್ಲಾದ್ರೆ ನೆನೆಸಿಕೊಂಡು ತಿನ್ಬಹುದು. ನಾನು ಕಲ್ಲಾದ್ರೆ ನೆನೆಸೋಕೂ ಆಗಲ್ಲ."

ಅವನು ಹೆಲ್ಮೆಟ್ಟು ಹಾಕಿ ಗಾಡಿ ಬಿಟ್ಟ. ಕೊನೆಯ ಮನೆ ದಾಟಿತು, ಪಾಪ್ಲರ್ ಮರಗಳು ದಾಟಿದವು, ಟಾರು ಮುಗಿದು ಕಲ್ಲಿನ ಹಾದಿ ಶುರುವಾಯಿತು. ಮುಂದೆ ಯಾವ ಗಾಡಿಯ ಧೂಳೂ ಇರಲಿಲ್ಲ. ತುತ್ತು ಇನ್ನೂ ಅವನ ದವಡೆಯಲ್ಲೇ ಇತ್ತು, ಮೆತ್ತಗೆ, ಬೆಚ್ಚಗೆ. ಮೊದಲನೇ ತಿರುವು ಬಂದರೂ ಅವನು ಅದನ್ನು ನುಂಗಿರಲಿಲ್ಲ.