ಎಡಗೈಯ ಚಳಿಗಾಲ

ತಿಂಗಳ ಕೊನೆಯ ಭಾನುವಾರ ನನ್ನ ಹೊಲಿಗೆ ಕೋಣೆಗೆ ಮಂಚ ಬರುತ್ತದಂತೆ. ಮಗ ಅಂಗಡಿಗೆ ಹೋಗಿ ಗೊತ್ತುಮಾಡಿ ಬಂದು, ಆಮೇಲೆ ನನಗೆ ಹೇಳಿದ. ಪಾರ್ಶ್ವವಾಯು ಹೊಡೆದು ನನ್ನ ಬಲಗೈ ಬಿದ್ದುಹೋಗಿ ಐದು ತಿಂಗಳಾಗಿತ್ತು. ನಡೆಯಬಲ್ಲೆ, ಉಣ್ಣಬಲ್ಲೆ, ಬೈಯುವುದಂತೂ ಮೊದಲಿಗಿಂತ ಚೆನ್ನಾಗಿಯೇ ಬರುತ್ತದೆ. ಆದರೂ ನನ್ನನ್ನು ನೋಡಿಕೊಳ್ಳಲು ಒಬ್ಬ ದಾದಿ, ಆ ದಾದಿ ಮಲಗಲು ನನ್ನ ಕೋಣೆ!

"ಮಿಷನ್ ಸುಮ್ನೆ ಧೂಳು ತಿಂತಾ ಇದೆ ಅಮ್ಮಾ. ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ," ಎಂದ.

ನನಗೆ ಪಿತ್ತ ನೆತ್ತಿಗೇರಿತು. ನಡುಮನೆಯ ಗೋಡೆಗೆ ಕಾಲಕ್ಕೊಂದು ಕೌದಿ ತೂಗುಹಾಕುವುದು ಇಪ್ಪತ್ತಾರು ವರ್ಷಗಳಿಂದ ನಾನು ನಡೆಸಿಕೊಂಡು ಬಂದ ಕೆಲಸ. ಹೂ ಬಿಡುವಾಗ ಒಂದು, ಬಿಸಿಲಿಗೊಂದು, ಎಲೆ ಉದುರುವಾಗ ಒಂದು, ಚಳಿಗೊಂದು. ಒಮ್ಮೆ ಹಾಕಿದ್ದನ್ನು ಮತ್ತೆ ಹಾಕುವುದಿಲ್ಲ. ಕಾಲ ಮುಗಿದ ಕೂಡಲೇ ಅದು ಯಾರದೋ ಹಾಸಿಗೆ ಸೇರುತ್ತದೆ. ಈ ಸಲ ಗೋಡೆ ಬೋಳು ಬೋಳಾಗಿತ್ತು.

"ಆ ಭಾನುವಾರದೊಳಗೆ ಚಳಿಗಾಲದ ಕೌದಿ ಗೋಡೆ ಮೇಲಿದ್ರೆ ಕೋಣೆ ನಂದು. ಇಲ್ದಿದ್ರೆ ಮಂಚ ಯಾಕೆ, ಕುದುರೆ ಬೇಕಾದ್ರೂ ತಂದು ಕಟ್ಟು," ಎಂದೆ. ಮಗ ಸೊಸೆಯ ಮುಖ ನೋಡಿದ. ಸೊಸೆ ಕಿಟಕಿ ನೋಡಿದಳು.

ಹೊಲಿಗೆ ಕೋಣೆಯ ಗೋಡೆಗೆ ಒಂದು ಹಳೆಯ ಕಂಬಳಿ ಬಡಿದಿದೆ. ಮಾದರಿಗಳನ್ನು ಮೊದಲು ಅದರ ಮೇಲೆ ಪಿನ್ನಿನಿಂದ ಚುಚ್ಚಿ ನೋಡುವುದು ನನ್ನ ರೂಢಿ. ಮೊದಲು ದುಂಡು ಚಂದ್ರ ಇಟ್ಟೆ. ಎಡಗೈಗೆ ಆ ತಿರುವು ಒಗ್ಗಲಿಲ್ಲ. ಆಮೇಲೆ ಬೆಟ್ಟದ ಸಾಲು. "ಅತ್ತೆ, ಗರಗಸ ಇದ್ದ ಹಾಗಿದೆ," ಎಂದು ಸೊಸೆ ನಕ್ಕಳು. ನನಗೂ ಹಾಗೇ ಕಾಣಿಸಿತು, ಅವಳಿಗೆ ಹೇಳಲಿಲ್ಲ. ಮೂರನೆಯದು ಎಂಟು ಮೂಲೆಯ ನಕ್ಷತ್ರ, ಕಡುನೀಲಿ ಮೇಲೆ ಬಿಳಿ. ಅದು ಕಣ್ಣಿಗೆ ಒಪ್ಪಿತು.

ನನ್ನ ಎಡಗೈಯಲ್ಲಿ ಕತ್ತರಿ ನೆಟ್ಟಗೆ ನಿಲ್ಲುವುದಿಲ್ಲವೆಂದು ಇವರು, ಅಂದರೆ ನನ್ನ ಗಂಡ, ಬಟ್ಟೆ ಕತ್ತರಿಸಲು ಮುಂದೆ ಬಂದರು. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಚೌಕುಳಿ ಕಾಗದದ ಮೇಲೆ ನಕ್ಷತ್ರ ಬರೆದು, ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಬೀರುವಿನಲ್ಲಿದ್ದ ಅಷ್ಟೂ ನೀಲಿ, ಅಷ್ಟೂ ಬಿಳಿಯನ್ನು ಮೂರು ದಿನದಲ್ಲಿ ತ್ರಿಕೋನ ತ್ರಿಕೋನವಾಗಿ ಕತ್ತರಿಸಿ ಗುಡ್ಡೆ ಹಾಕಿದರು.

ಮೊದಲ ನಕ್ಷತ್ರ ಹೊಲಿದು ಮಗುಚಿ ನೋಡಿದೆ. ಎಂಟು ಮೂಲೆಯಲ್ಲಿ ಒಂದಕ್ಕೂ ತುದಿಯಿಲ್ಲ! ಎಲ್ಲವೂ ಹೊಲಿಗೆಯ ಒಳಗೆ ಹೋಗಿದ್ದವು. ಹೊಲಿಗೆಗೆಂದು ಪ್ರತಿ ತುಂಡಿನ ಸುತ್ತ ಕಾಲಿಂಚು ಬಿಡಬೇಕು. ಹೊಲಿಗೆ ಬಲ್ಲವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಆ ರೂಢಿಯಲ್ಲಿ ನಾನು ಇವರಿಗೂ ಹೇಳಿರಲಿಲ್ಲ.

"ಕಾಗದದಲ್ಲಿ ಸರಿಯಾಗೇ ಇತ್ತಲ್ಲೇ," ಎಂದರು ಇವರು.

"ಹಾಗಾದ್ರೆ ಕಾಗದಾನೇ ಗೋಡೆಗೆ ಅಂಟಿಸ್ರೀ!"

ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದರು. ನನಗೆ ಅಳು ಬಂತು. ಕೋಣೆ ಹೋದರೆ ಹೋಗಲಿ, ಇನ್ನು ಮೇಲೆ ಈ ಮನೆಯಲ್ಲಿ ನಾನು ಬರೀ ನೋಡಿಕೊಳ್ಳಬೇಕಾದವಳು ಎಂದಾಗುತ್ತದಲ್ಲ, ಅದು ಸಹಿಸಲಾಗಲಿಲ್ಲ. ಐದು ನಿಮಿಷ ಚೆನ್ನಾಗಿ ಅತ್ತು ಸೆರಗಿನಿಂದ ಮೂಗೊರೆಸಿಕೊಂಡೆ. ಹೊಸ ಬಟ್ಟೆ ತರಿಸಿದರೆ ಮತ್ತೆ ಅಳೆದು ಕತ್ತರಿಸುವಷ್ಟರಲ್ಲಿ ತಿಂಗಳು ಮುಗಿಯುತ್ತದೆ. ಇರುವುದರಲ್ಲೇ ಒಂದು ಕೈ ನೋಡಿಯೇಬಿಡೋಣ ಎಂದು ಒಂದು ಬಿಳಿ ತ್ರಿಕೋನ, ಒಂದು ನೀಲಿ ತ್ರಿಕೋನ ತೆಗೆದುಕೊಂಡು ಉದ್ದದ ಬದಿ ಸೇರಿಸಿ ಹೊಲಿದೆ. ಒಂದು ಚೌಕವಾಯಿತು. ಅರ್ಧ ಬಿಳಿ, ಅರ್ಧ ನೀಲಿ. ಹೀಗೆ ಆರು ಮಾಡಿ, ಬಿಳಿಯೆಲ್ಲ ಒಂದೇ ಕಡೆ ಓರೆಯಾಗುವಂತೆ ಕಂಬಳಿಗೆ ಚುಚ್ಚಿದೆ. ಗಾಳಿಗೆ ಹಿಮ ಓರೆಯಾಗಿ ಬೀಳುತ್ತಿರುವ ಹಾಗೆ ಕಾಣಿಸಿತು.

"ರೀ, ಬನ್ನಿ ಒಳಗೆ. ನಕ್ಷತ್ರ ಬೇಡ, ಹಿಮ ಬೀಳ್ಲಿ."

ಸಾಲಿಗೆ ಆರು ಚೌಕ, ಒಂಬತ್ತು ಸಾಲು. ನನ್ನದು ಕಾಲಲ್ಲಿ ತುಳಿಯುವ ಮಿಷನ್, ಅದರ ಚಕ್ರ ಇರುವುದು ಬಲಕ್ಕೆ. ಎಡಗೈಯನ್ನು ಅಡ್ಡ ಚಾಚಿ ತಿರುಗಿಸಿ, ಚಕ್ರ ನಿಲ್ಲುವುದರೊಳಗೆ ಅದೇ ಕೈಯನ್ನು ಬಟ್ಟೆಗೆ ತರಬೇಕು. ಹಿಂದಕ್ಕೆ ತಿರುಗಿತೋ, ದಾರ ಪಟ್ಟನೆ ಕಡಿಯಿತು. ಕೆಲಸಕ್ಕೆ ಬಾರದ ಬಲಗೈಯನ್ನು ಬಟ್ಟೆ ಜಾರದಂತೆ ಭಾರಕ್ಕೆ ಇಟ್ಟುಕೊಂಡೆ, ಅಷ್ಟಾದರೂ ದುಡಿಯಲಿ. ಇವರು ಸೂಜಿಗೆ ದಾರ ಪೋಣಿಸಿದರು, ಇಸ್ತ್ರಿ ಮಾಡಿದರು. ಮೊದಲ ವಾರ ಹೊಲಿಗೆ ಕುಡಿದವನ ನಡಿಗೆಯಂತೆ ಹೋಯಿತು. ನಾನು ಸೊಪ್ಪು ಹಾಕಲಿಲ್ಲ, ಮುಂದೆ ಹೊಲಿದೆ.

ಹತ್ತಿಯ ಪದರ, ಅಸ್ತರು ಸೇರಿಸಿ ಮುಗಿಸಿದಾಗ ಶನಿವಾರ ಮಧ್ಯಾಹ್ನ.

"ಅತ್ತೆ, ಮೇಲಿನ ಎರಡು ಸಾಲು ತುಂಬಾ ಸೊಟ್ಟಗಿದೆ. ನಾನು ಬಿಚ್ಚಿ ಕೊಡ್ಲಾ?" ಎಂದಳು ಸೊಸೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

"ಮುಟ್ಟಬೇಡ," ಎಂದೆ.

ಭಾನುವಾರ ಬೆಳಗ್ಗೆ ಇವರು ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದರು. ಮಗ ಬಂದು ಮುಂದೆ ನಿಂತ.

"ಚಿಕ್ಕದಾಯ್ತಲ್ಲ ಅಮ್ಮಾ."

ಅವನು ಮೇಲಿನ ಸಾಲಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ. ಎರಡನೆಯ ಸಾಲು, ಮೂರನೆಯದು. ನಾಲ್ಕನೆಯದರಿಂದ ಹೊಲಿಗೆ ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತಾ ಬರುತ್ತದೆ. ಅವನು ಬಗ್ಗಿದ, ಕೊನೆಯ ಸಾಲಿಗೆ ಕುಕ್ಕರುಗಾಲಿನಲ್ಲಿ ಕೂತ. ಅಲ್ಲಿ ಗೆರೆ ಎಳೆದಷ್ಟು ನೇರ.

"ಇದನ್ನ ಅಪ್ಪ ಹೊಲಿದ್ರಾ?"

"ನಿಮ್ಮಪ್ಪ ದಾರ ಪೋಣಿಸಿದ್ರು, ಬೈಸಿಕೊಂಡ್ರು. ಅಷ್ಟೇ."

ಅವನು ಕತ್ತೆತ್ತಿ ಮತ್ತೆ ಮೇಲಿನ ಸಾಲಿನಿಂದ ನೋಡುತ್ತಾ ಕೆಳಗೆ ಬಂದ. ಕೂತಲ್ಲೇ ಕೂತಿದ್ದ. ಹೊರಗೆ ಗಾಡಿ ನಿಂತ ಸದ್ದಾಯಿತು. ಮಂಚ ಹೊತ್ತು ತಂದವರು ಬಾಗಿಲು ಬಡಿದರು. ಮಗ ಎದ್ದು, ಕಣ್ಣೊರೆಸಿಕೊಂಡು ಬಾಗಿಲು ತೆಗೆದ.

"ತಪ್ಪಾಯ್ತು ಕಣ್ರಪ್ಪಾ, ವಾಪಸ್ ತಗೊಂಡ್ಹೋಗಿ," ಎಂದ. "ಆ ಕೋಣೇಲಿ ನಮ್ಮಮ್ಮ ಕೆಲಸ ಮಾಡ್ತಾರೆ."